ಲಿನ್‌ಳ ಕಸಬರಿಗೆ

ಸಿಡ್ನಿಯ ಗಿರಾವೀನ್ ಬಿಟ್ಟಾಗ ಇನ್ನೂ ಬೆಳಕು ಹರಿದಿರಲಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಬೇಯಿಸಿದ ಕೋಳಿ, ಕಿತ್ತಳೆ, ಫ್ಲಾಸ್ಕಿನಲ್ಲಿ ಚಹಾ, ಜೊತೆಗೊಂದು ಹೊಸ ಕಸಬರಿಗೆ. ಕೋಳಿ ಡಬ್ಬಿಯನ್ನು ನನ್ನ ರೊಟ್ಟಿ ಬುತ್ತಿಯಿಂದ ದೂರ ಇಡಿಸಿದ್ದೆ. ಪಕ್ಕದ ಮನೆಯ ಲಿನ್ ಮೆಲ್ಬರ್ನ್‌ನಲ್ಲಿರುವ ಅಪ್ಪನ ಸಮಾಧಿಗೆ ಹೊರಟಿದ್ದಳು. ಏಪ್ರಿಲ್ ಮೊದಲ ವಾರದಲ್ಲಿ ಚೀನೀಯರು ಹಿರಿಯರ ಸಮಾಧಿ ಗುಡಿಸಿ, ಊಟ ಇಟ್ಟು, ಊದುಬತ್ತಿ ಹಚ್ಚುತ್ತಾರೆ. ಅವರಿಗದು ವಸಂತದ ಹಬ್ಬ. ಇಲ್ಲಿ ಆಗ ಎಲೆ ಉದುರುವ ಕಾಲ. ಆದರೂ ಹಬ್ಬ ಬಿಟ್ಟವರಿಲ್ಲ.

ಅವಳ ಅಪ್ಪ ತೀರಿಕೊಂಡ ಮೇಲೆ ಇದು ಮೊದಲ ವರ್ಷ. ಬರಬೇಡ ಎಂದು ಅಣ್ಣ ಖಡಾಖಂಡಿತವಾಗಿ ಹೇಳಿದ್ದನಂತೆ. ಮದುವೆಯಾಗಿ ಹೋದ ಮಗಳು ಸಮಾಧಿ ಗುಡಿಸಿದರೆ ತವರಿನ ಭಾಗ್ಯವೂ ಗುಡಿಸಿ ಹೋಗುತ್ತದೆಂಬ ನಂಬಿಕೆ ಅವರ ಮನೆಯದು. ಕೇಳಿ ನನ್ನ ಮೈಯೆಲ್ಲ ಉರಿಯಿತು. ಧಾರವಾಡದಲ್ಲಿ ನನ್ನ ಅವ್ವನನ್ನು ಮಣ್ಣು ಮಾಡುವಾಗ, ಹೆಣ್ಣುಮಕ್ಕಳು ರುದ್ರಭೂಮಿಗೆ ಬರಬಾರದೆಂದು ಕಾಕಾ ನನ್ನನ್ನು ಬಾಗಿಲಲ್ಲೇ ತಡೆದಿದ್ದರು. ಇವತ್ತಿಗೂ ಅವ್ವನ ಸಮಾಧಿ ನಾನು ಕಂಡಿಲ್ಲ. ಅದಕ್ಕೇ ರಜೆ ಹಾಕಿ ಇವಳ ಜೊತೆ ಹೊರಟೆ.

ಒಂಬೈನೂರು ಕಿಲೋಮೀಟರ್‌ಗೆ ತುಸು ಕಡಿಮೆ ದಾರಿ. ನಡುವೆ ಪೆಟ್ರೋಲ್ ಬಂಕಿನಲ್ಲಿ ನಿಂತು ಕಟಕ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಖಾರಕ್ಕೆ ಲಿನ್‌ಳ ಕಣ್ಣಲ್ಲಿ ನೀರು ಬಂತು. ಮತ್ತೊಂದು ರೊಟ್ಟಿ ಕೇಳಿದಳು. ಸಂಜೆ ಮೆಲ್ಬರ್ನ್ ಅಂಚಿನ ವೆರಿಬೀ ತಲುಪಿ, ಅದೇ ಕಾಕಾನ ಮಗಳು ಶಶಿಯ ಮನೆಯಲ್ಲಿ ಇಳಿದುಕೊಂಡೆವು. "ಅಕ್ಕಾ, ನಿನಗ್ಯಾಕ ಬೇಕು ಊರ ಉಸಾಬರಿ?" ಎಂದಳು ಶಶಿ. ನಾನು ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿಕೊಂಡೆ.

ಮರುದಿನ ಮೋಡ, ಹಾಳು ಗಾಳಿ. ಸ್ಮಶಾನದಲ್ಲಿ ಲಿನ್‌ಳ ಅಣ್ಣ ಮೊದಲೇ ಬಂದು ಸಮಾಧಿಗೆ ಅಡ್ಡ ನಿಂತಿದ್ದ. ಜಗಳ ಬೇಡವೆಂದು ನಾನೇ ಕಸಬರಿಗೆಗೆ ಕೈ ಹಾಕಿದೆ. ಹೊರಗಿನವಳು ಗುಡಿಸಿದರೆ ಯಾರ ಭಾಗ್ಯಕ್ಕೂ ಧಕ್ಕೆಯಿಲ್ಲವಲ್ಲ. ಲಿನ್ ಕೊಡಲಿಲ್ಲ.

"ನಾನು ಕದ್ದುಮುಚ್ಚಿ ಮಾಡೋಕೆ ಬಂದಿಲ್ಲ," ಎಂದು ನನಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಅಣ್ಣನಿಗೆ ಹೇಳಿದಳು. "ಆಸ್ಪತ್ರೆಯಲ್ಲಿ ಅಪ್ಪನ ಮೈ ಒರೆಸುವಾಗ ನಾನು ಯಾರ ಮನೆಯವಳು ಅಂತ ನೀನು ಕೇಳಲಿಲ್ಲ."

ಅವನು ಕದಲಲಿಲ್ಲ. ಅವಳು ಅವನ ಬೂಟಿನ ಸುತ್ತಲೇ ಗುಡಿಸತೊಡಗಿದಳು. ಕೊನೆಗೆ ಅವನೇ ಪಕ್ಕಕ್ಕೆ ಸರಿದ. ಊಟ ಇಟ್ಟು, ಚಹಾ ಸುರಿದು, ಊದುಬತ್ತಿ ಹಚ್ಚಲು ಹೋದರೆ ಬೆಂಕಿಕಡ್ಡಿ ಗಾಳಿಗೆ ಆರಿ ಆರಿ ಹೋಯಿತು. ಅಣ್ಣ ಬಂದು ಗಾಳಿಗೆ ಬೆನ್ನು ಕೊಟ್ಟು ನಿಂತ. ಊದುಬತ್ತಿ ಹತ್ತಿಕೊಂಡಿತು. ಇಟ್ಟ ಊಟವನ್ನು ಅಲ್ಲೇ ಕೂತು ಉಣ್ಣುವುದು ಅವರ ಪದ್ಧತಿ. ನನ್ನ ಪಾಲಿಗೆ ಕಿತ್ತಳೆ ಬಂತು. ಅಳು ತಡೆಯಲಾಗದೆ ಸಿಪ್ಪೆ ಸುಲಿಯುತ್ತ ಕೂತೆ.

ವೆರಿಬೀಗೆ ಮರಳಿದವಳೇ ಶಶಿಗೆ ಹೇಳಿಬಿಟ್ಟೆ: "ದೀಪಾವಳಿಗೆ ಧಾರವಾಡಕ್ಕ ಹೊಂಟೀನಿ. ಕಾಕಾಗ ಹೇಳು, ಅವ್ವನ ಸಮಾಧಿಗೆ ಹೋಗ್ತೀನಿ ಅಂತ."

"ಅಪ್ಪಾ ಬಿಡಂಗಿಲ್ಲ ಅಕ್ಕಾ."

"ಬಿಡ್ರಿ ಅಂತ ಕೇಳಾಕ ಹೊಂಟಿಲ್ಲ."

ಮರುದಿನ ಸಿಡ್ನಿಯ ದಾರಿ ಹಿಡಿದಾಗ ಆ ಕಸಬರಿಗೆ ಹಿಂದಿನ ಸೀಟಿನಲ್ಲಿರಲಿಲ್ಲ. ಲಿನ್‌ಳನ್ನು ಕೇಳಿ ಇಸಿದುಕೊಂಡಿದ್ದೆ. ಮನೆ ಮುಟ್ಟುವವರೆಗೂ ಅದು ನನ್ನ ತೊಡೆಯ ಮೇಲೇ ಇತ್ತು.