ಟಿಕೆಟ್ಟೂ ತೂರದ ಕಪಾಟು

ಹೋದ ವಾರ ಶಿಕಾರಿಪುರದ ನಿಮ್ಮ ಮನೆಯಲ್ಲಿ, ಅಡುಗೆಮನೆಯ ಕಪಾಟಿನೊಳಗೆ ಕೂರಿಸಿದ ಆ ದೊಡ್ಡ ಫ್ರಿಜ್ ತಣ್ಣಗಾಗುವುದನ್ನು ನಿಲ್ಲಿಸಿತಲ್ಲ, ಆಗ ರಿಪೇರಿಗೆ ಬಂದವನು ಕೆಳಗಿನ ಜಾಲರಿ ಬಿಚ್ಚಿದ ಕೂಡಲೇ ಒಂದು ವಾಸನೆ ಬಂತು. ಕಾದ ಧೂಳು, ಅದರ ಜೊತೆಗೆ ಬೆಚ್ಚಗಾದ ಮರದ ಪಾಲಿಶು. ನೀವಿಬ್ಬರೂ ಮೂಗು ಮುಚ್ಚಿಕೊಂಡಿರಿ. ನಾನು ಬಾಗಿಲ ಹತ್ತಿರ ನಿಂತು ಅದನ್ನೇ ಮತ್ತೊಮ್ಮೆ ಮೂಗಿಗೆ ಎಳೆದುಕೊಂಡೆ. ಅವನು ಬರುವ ಮೊದಲೇ ನಾನು 'ಕೆಳಗೆ ಗಾಳಿ ಕಟ್ಟಿರಬೇಕು' ಎಂದಿದ್ದೆ. ಅದೇ ನಿಜವಾದದ್ದು ನಿಮಗೆ ಆಶ್ಚರ್ಯ. ಅಜ್ಜಿಗೆ ಹೇಗೆ ಗೊತ್ತಾಯಿತು ಎಂದು ಕೇಳಿದಿರಿ. ನಾಲ್ಕು ಜನರ ಎದುರು ನನಗೆ ಮಾತು ಹೊರಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಅದನ್ನು ತಿಳಿಸಿಕೊಟ್ಟವರು ಸೊರಬದ ಫ್ರಿಜ್ ರಿಪೇರಿಯವರು. ಅವರು ನಮ್ಮ ಮನೆಗೆ ಬಂದದ್ದು ಎರಡೇ ದಿನ.

ಆಗ ನಾವು ಶಿರಾಳಕೊಪ್ಪದಲ್ಲಿದ್ದೆವು. ನಿಮ್ಮ ಅಜ್ಜ ಮರಗೆಲಸ ಮಾಡುತ್ತಿದ್ದರು. ಅವರದೊಂದು ಹಠ. ಎರಡು ಹಲಗೆ ಸೇರುವ ಕಡೆ ಬಸ್ಸಿನ ಟಿಕೆಟ್ ಇಟ್ಟು ನೋಡುವರು. ಟಿಕೆಟ್ ಒಳಗೆ ತೂರಿದರೆ ಬಿಚ್ಚಿ ಮತ್ತೆ ಮಾಡುವರು. ಕೆಲಸಕ್ಕೆ ಹೋದ ಯಾವುದೋ ದೊಡ್ಡ ಮನೆಯಲ್ಲಿ ಗೋಡೆಯೊಳಗೆ ಸೇರಿಸಿದ ಫ್ರಿಜ್ ನೋಡಿಕೊಂಡು ಬಂದರು. ನಮ್ಮ ಮನೆಯ ಸಾಧಾರಣ ಫ್ರಿಜ್ಜಿಗೂ ಸಾಗುವಾನಿಯ ಕಪಾಟು ಕಟ್ಟಿದರು. ಮೇಲೆ ಹಲಗೆ, ಕೆಳಗೆ ಹಲಗೆ, ಎರಡು ಪಕ್ಕಕ್ಕೂ ಹಲಗೆ, ಹಿಂದೆ ಗೋಡೆ. ಫ್ರಿಜ್ಜಿನ ಬಾಗಿಲೊಂದೇ ಹೊರಗೆ ಕಾಣುತ್ತಿತ್ತು. ನೋಡಲು ಬಂದವರು ಉಗುರು ಆಡಿಸಿ ಸಂದಿ ಹುಡುಕಿ ಸೋತು ಹೋಗುತ್ತಿದ್ದರು. ಆ ಮಳೆಗಾಲದಲ್ಲೇ ಅವರು ಹೋದರು... ನಾಲ್ಕು ದಿನದ ಜ್ವರ, ಅಷ್ಟೇ. ಅವರ ಕೈಯಿಂದ ಕೊನೆಯದಾಗಿ ಆದ ಕೆಲಸ ಆ ಕಪಾಟು.

ನನಗೆ ಗೊತ್ತಿದ್ದದ್ದು ಹಿಟ್ಟು ರುಬ್ಬುವುದು. ದೋಸೆ ಹಿಟ್ಟು ಮಾಡಿ, ಡಬ್ಬಿಗಳಲ್ಲಿ ಫ್ರಿಜ್ಜಿನಲ್ಲಿಟ್ಟು, ಅಕ್ಕಪಕ್ಕದ ಎರಡು ಬೀದಿಯವರಿಗೆ ಕೊಡತೊಡಗಿದೆ. ನಿಮ್ಮಪ್ಪನ ಶಾಲೆ, ನಮ್ಮ ಊಟ, ಯಾರ ಮನೆಯ ಹಂಗಿಗೂ ಹೋಗದೆ ಅಲ್ಲೇ ಇರುವುದು, ಎಲ್ಲವೂ ಆ ಹಿಟ್ಟಿನ ಮೇಲೆ ನಿಂತಿತ್ತು. ಚಳಿಗಾಲ ಹೇಗೋ ಕಳೆಯಿತು. ಬೇಸಿಗೆ ಬಂದದ್ದೇ ಹಿಟ್ಟು ಹುಳಿಯಾಗತೊಡಗಿತು. ಎದುರು ಮನೆಯಾಕೆ ಡಬ್ಬಿಯನ್ನು ವಾಪಸು ತಂದು ಕಟ್ಟೆಯ ಮೇಲಿಟ್ಟಳು.

"ಏನ್ರೀ ಇದು, ಮುಚ್ಚಳಾನ ತಾನೇ ಎತ್ಕೊಂಡು ನನ್ನ ನೋಡ್ತಾ ಕೂತೈತಿ! ನಾಳೆಯಿಂದ ನಂಗೆ ಬ್ಯಾಡ್ರಿ."

ಹಾಗೆ ಅವಳ ಹಿಂದೆ ಇನ್ನೂ ಮೂರು ಮನೆಯವರು ಹಿಟ್ಟು ನಿಲ್ಲಿಸಿದರು. ಮೊದಲು ಬಂದ ರಿಪೇರಿಯವನು ಬಾಗಿಲು ತೆರೆದು ಮುಚ್ಚಿ, ಗ್ಯಾಸ್ ಹೋಗಿದೆ, ಇದನ್ನು ಕೊಟ್ಟು ಹೊಸದು ತಗೊಳ್ಳಿ ಎಂದು ಹೊರಟುಹೋದ. ಆಗ ಯಾರೋ ಸೊರಬದವರ ಹೆಸರು ಹೇಳಿದರು. ಫೋನಿನಲ್ಲಿ ಮಾತಾಡಲು ನನಗೆ ಧೈರ್ಯ ಸಾಲದೆ ಪಕ್ಕದ ಮನೆಯವರಿಂದ ಹೇಳಿಸಿದೆ. ಮಾರನೆಯ ಬೆಳಿಗ್ಗೆ ಅವರು ಮೊದಲ ಬಸ್ಸಿಗೇ ಬಂದಿಳಿದರು. ಕೈಯಲ್ಲಿ ರೆಗ್ಜಿನ್ ಚೀಲ, ಕಿವಿಯ ಮೇಲೆ ಪೆನ್ಸಿಲು.

"ಅಕ್ಕಾ, ಮೊದಲು ಬಂದೋನು ಏನಂದ?"

"ಗ್ಯಾಸ್ ಹೋಗಿದೆ ಅಂದ್ರು."

"ಎಲ್ಲಿಗೆ ಹೋಯ್ತಂತ್ರೀ? ಶಿಕಾರಿಪುರದ ಬಸ್ ಹತ್ತಿತಾ?"

ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ. ನಿಮ್ಮ ಅಜ್ಜ ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲಿರಬೇಕು.

ಅವರು ಚೀಲ ಬಿಚ್ಚಲಿಲ್ಲ. ಅಡುಗೆಮನೆಯ ಹೊಸ್ತಿಲಲ್ಲಿ ಕೂತುಬಿಟ್ಟರು. "ಇದರ ಜೊತೆ ಹಗಲು ರಾತ್ರಿ ಇರೋರು ನೀವು. ನೀವು ಹೇಳ್ರಿ, ನಾ ಕೇಳ್ತೀನಿ" ಎಂದರು. ನಾನು ಹಿಟ್ಟಿನ ಡಬ್ಬಿಗಳನ್ನು ಅತ್ತಿತ್ತ ಸರಿಸಿದೆ. ಅವರು ಅವಸರ ಮಾಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ, ಚಪ್ಪಲಿಯ ಮಣ್ಣು ಕೆರೆಯುತ್ತಾ ಕೂತರು. ಕೊನೆಗೆ ಹೇಳಿದೆ. ಬೆಳಗಿನ ಜಾವ ಹಿಟ್ಟು ಸರಿಯಾಗಿರುತ್ತದೆ, ಹನ್ನೊಂದು ಗಂಟೆಯ ಮೇಲೆ ಉಬ್ಬುತ್ತದೆ. ಮೊದಲು ಮೋಟರು ಆಗಾಗ ನಿಂತು ಸುಧಾರಿಸಿಕೊಳ್ಳುತ್ತಿತ್ತು, ಈಗ ಬಿಡದೆ ಓಡುತ್ತದೆ. ಓಡಿ ಓಡಿ ಟಕ್ಕೆಂದು ನಿಲ್ಲುತ್ತದೆ, ಒಂದು ಹಂಡೆ ನೀರು ಕಾಯುವಷ್ಟು ಹೊತ್ತಿನ ಮೇಲೆ ಮತ್ತೆ ಶುರುವಾಗುತ್ತದೆ. ಒಳಗಿನ ದೀಪ ಚೆನ್ನಾಗಿಯೇ ಇದೆ.

"ಇಷ್ಟೆಲ್ಲ ಗೊತ್ತಿದ್ದೂ ಸುಮ್ನಿದ್ರಾ? ಅರ್ಧ ರಿಪೇರಿ ಆತು ಬಿಡ್ರಿ!"

ಎದ್ದು ಪಕ್ಕದ ಹಲಗೆಯ ಮೇಲೆ ಅಂಗೈ ಇಟ್ಟರು. ನನ್ನನ್ನೂ ಇಡಲು ಹೇಳಿದರು. ಜ್ವರ ಬಂದ ಮಗುವಿನ ಹಣೆಯಂತೆ ಸುಡುತ್ತಿತ್ತು. ದಿನಾ ಅದನ್ನು ಒರೆಸುತ್ತಿದ್ದವಳು ನಾನು, ಕೈ ಇಟ್ಟು ನೋಡಿರಲಿಲ್ಲ. ಆಮೇಲೆ ಅವರು ತಾವು ಬಂದ ಬಸ್ಸಿನ ಟಿಕೆಟನ್ನು ಜೇಬಿನಿಂದ ತೆಗೆದು, ಹಲಗೆಗಳು ಸೇರಿದ ಕಡೆಯಲ್ಲೆಲ್ಲ ತೂರಿಸಲು ನೋಡಿದರು. ನಾನು ಹತ್ತಿರ ಸರಿದು ನಿಂತೆ. ಟಿಕೆಟ್ ಮಡಿಸಿಕೊಂಡಿತೇ ಹೊರತು ಎಲ್ಲೂ ಒಳಗೆ ಹೋಗಲಿಲ್ಲ.

"ಎಂಥಾ ಕೆಲಸಗಾರ್ರೀ ಇವ್ರು! ಇರುವೆಗೂ ದಾರಿ ಬಿಟ್ಟಿಲ್ಲ. ಆದ್ರೆ ಫ್ರಿಜ್ಜು ತಂಪು ಹುಟ್ಟಿಸಲ್ಲ ಅಕ್ಕಾ. ಒಳಗಿನ ಬಿಸಿ ಹೊತ್ತು ತಂದು ಬೆನ್ನ ಹಿಂದೆ ಚೆಲ್ಲುತ್ತೆ. ಇಲ್ಲಿ ಚೆಲ್ಲೋಕೆ ಜಾಗ ಎಲ್ಲೈತಿ? ಕಟ್ಟಿದೋರನ್ನ ಕರೀರಿ, ಮಾತಾಡನ."

"ಅವರಿಲ್ಲ. ನಮ್ಮ ಮನೆಯವರೇ ಕಟ್ಟಿದ್ದು" ಎಂದೆ.

ಅವರು ಟಿಕೆಟ್ಟನ್ನು ಜೇಬಿಗೆ ಹಾಕಿಕೊಂಡರು. ಹಲಗೆಯನ್ನೊಮ್ಮೆ ಅಂಗೈಯಿಂದ ಸವರಿದರು.

ಆಮೇಲೆ, ಮೊದಲು ಪರೀಕ್ಷೆ ಮಾಡೋಣ, ಫ್ರಿಜ್ಜನ್ನು ಹೊರಗೆ ಎಳೆದು ಒಂದು ದಿನ ನೋಡೋಣ ಎಂದರು. ಎಳೆಯುವುದು ಹೇಗೆ, ಒಂದು ಸ್ಕ್ರೂ ಕೂಡ ಕಾಣುವುದಿಲ್ಲ. ಅದು ನನಗೆ ಗೊತ್ತಿತ್ತು. ನಿಮ್ಮ ಅಜ್ಜ ಕೂರಿಸುವಾಗ ಬ್ಯಾಟರಿ ಹಿಡಿದು ನಿಂತವಳು ನಾನೇ. ಸ್ಕ್ರೂಗಳ ತಲೆಯ ಮೇಲೆ ಸಣ್ಣ ಮರದ ಬಿರಡೆ ಬಡಿದು ಪಾಲಿಶ್ ಹೊಡೆದಿದ್ದರು. ಒಂದೊಂದನ್ನೂ ಬೆರಳಿಟ್ಟು ತೋರಿಸಿದೆ. ಚೌಕಟ್ಟು ಬಿಚ್ಚಿ ಇಬ್ಬರೂ ಸೇರಿ ಎಳೆದಾಗ, ಒಳಗೆ ಕಟ್ಟಿಕೊಂಡಿದ್ದ ಬಿಸಿಯೆಲ್ಲ ಆ ಧೂಳು, ಪಾಲಿಶಿನ ವಾಸನೆಯ ಜೊತೆ ಮುಖಕ್ಕೆ ಬಡಿಯಿತು. ಹಿಂದಿನ ಕಪ್ಪು ಜಾಲರಿಯನ್ನು ಬ್ರಶ್ಶಿನಿಂದ ಉಜ್ಜಿ, ನಾಳೆ ಬರುತ್ತೇನೆ ಎಂದು ಹೋದರು.

ಮರುದಿನ ಮಧ್ಯಾಹ್ನ ಅವರು ಬಂದಾಗಲೂ ಐಸು ಕಲ್ಲಿನಂತಿತ್ತು. ಹಿಟ್ಟು ಇಟ್ಟ ಹಾಗೆಯೇ ಇತ್ತು. ಆದರೆ ಅಡುಗೆಮನೆಯ ನಡುವೆ ಫ್ರಿಜ್ ನಿಂತರೆ ರುಬ್ಬುವವಳು ಕೂರಲೂ ಜಾಗವಿಲ್ಲ. ಹಿಂದಕ್ಕೆ ತಳ್ಳಬೇಕಾದರೆ ಕಪಾಟನ್ನು ಎರಡು ಕಡೆ ಕೊಯ್ಯಬೇಕು ಎಂದರು. ತಂಗಾಳಿ ಒಳಗೆ ಹೋಗಲು ಮುಂದುಗಡೆ ಕೆಳಗಿನ ಹಲಗೆಯಲ್ಲಿ ಒಂದು ಕಿಂಡಿ, ಬಿಸಿ ಏಳಲು ಮೇಲಿನ ಹಲಗೆಯ ಹಿಂಭಾಗದಲ್ಲಿ ಒಂದು.

"ಗೊತ್ತಿರೋ ಬಡಗಿ ಅದಾನೆ, ಕಳಿಸ್ಲಾ?"

"ಬೇಡ. ಬೇರೆಯವರು ಕೈ ಹಾಕೋದು ಬೇಡ."

"ಹಂಗಾರೆ?"

ನಾನು ಒಳಗೆ ಹೋದೆ. ನಿಮ್ಮ ಅಜ್ಜನ ಹತಾರಗಳು ಅಟ್ಟದ ಮೇಲಿದ್ದವು. ಆಯುಧಪೂಜೆಯ ದಿನ ಇಟ್ಟ ಕುಂಕುಮ ಗರಗಸದ ಹಿಡಿಯಲ್ಲಿ ಒಣಗಿ ಕೂತಿತ್ತು. ಬದುಕಿದ್ದಾಗ ಅವರು ಅದನ್ನು ಯಾರ ಕೈಗೂ ಕೊಟ್ಟವರಲ್ಲ. ನಾನು ಹಿಡಿದದ್ದೂ ಇಲ್ಲ. ಬೈರಿಗೆ, ಸಣ್ಣ ಗರಗಸ, ಎರಡನ್ನೂ ತಂದು ಹಲಗೆಯ ಪಕ್ಕ ಇಟ್ಟೆ. ರಿಪೇರಿಯವರಿಗೆ ಕೊಡಲೆಂದೇ ತಂದಿದ್ದೆನೋ ಏನೋ, ಈಗ ನೆನಪಿಲ್ಲ...

ಅವರು ಮುಟ್ಟಲಿಲ್ಲ. "ನಾ ಮರದೋನಲ್ಲಕ್ಕಾ. ಗೆರೆ ಹಾಕ್ಕೊಡ್ತೀನಿ, ಕೊಯ್ಯೋರು ನೀವೇ" ಎಂದು ಪೆನ್ಸಿಲಿನಲ್ಲಿ ಗೆರೆ ಎಳೆದರು. ಕೆಳಗಿನ ಹಲಗೆ ಬಿಚ್ಚಿ ಮಣೆಯ ಮೇಲಿಟ್ಟೆ. ಮೂಲೆಗಳಲ್ಲಿ ಬೈರಿಗೆಯಿಂದ ತೂತು ಕೊರೆದು ಗರಗಸದ ತುದಿ ತೂರಿಸಿದೆ. ಮೊದಲ ಎಳೆತಕ್ಕೇ ಪಾಲಿಶ್ ಚೂರು ಹಾರಿತು. ಕಣ್ಣು ತುಂಬಿ ಗೆರೆ ಕಾಣಲಿಲ್ಲ. ನಿಲ್ಲಿಸಿಬಿಡಬೇಕೆನಿಸಿತು. ಮರುದಿನಕ್ಕೆಂದು ನೆನೆಹಾಕಿದ ಅಕ್ಕಿ ಮೂಲೆಯಲ್ಲಿತ್ತು. ಮತ್ತೆ ಎಳೆದೆ.

"ಗೆರೆ ಬಿಟ್ರಿ, ಬಲಕ್ಕೆ... ಹಾಂ, ಹಂಗೆ. ಒತ್ತಬ್ಯಾಡ್ರಿ, ಅದೇ ಹೋಗುತ್ತೆ."

ಸೊರಬದ ಎರಡು ಬಸ್ಸು ಹೋದವು. ಅವರು ಹೊಸ್ತಿಲು ಬಿಟ್ಟು ಏಳಲಿಲ್ಲ. ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆಯಿತು. ಕಿಂಡಿ ಸೊಟ್ಟಗಾಯಿತು. ಅವರು ಅದರೊಳಗೆ ಕೈಯಿಟ್ಟು ಆಡಿಸಿ ನೋಡಿ, "ಗಾಳಿಗೆ ಸೊಟ್ಟ ನೆಟ್ಟಗೆ ಗೊತ್ತಾಗಲ್ಲ. ಮೇಲಿಂದು ನಾ ಇಲ್ದಾಗ ಕೊಯ್ರಿ, ನೆಟ್ಟಗೆ ಬರುತ್ತೆ" ಎಂದು ಚೀಲ ಎತ್ತಿಕೊಂಡರು. ನಾನು ತಲೆಯೆತ್ತಿ ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಅವರು ಬಸ್ಸಿಗೆ ಓಡಿದರು.

ಮೇಲಿನದನ್ನು ಆ ಸಂಜೆಯೇ ಒಬ್ಬಳೇ ಕೊಯ್ದೆ. ನೆಟ್ಟಗೇ ಬಂತು. ಮೈದುನ ಬಂದು ನೋಡಿ, "ಅಣ್ಣನ ಕೆಲಸಕ್ಕೆ ಗರಗಸ ಹಾಕೋಕೆ ಮನಸ್ಸಾದ್ರೂ ಹೆಂಗ್ ಬಂತು?" ಎಂದ. ನಾನು ಹಿಟ್ಟಿನ ಡಬ್ಬಿ ತೆಗೆದು ಅವನ ಕೈಗಿಟ್ಟೆ. ತಣ್ಣಗಿತ್ತು. ಆ ಬೇಸಿಗೆಯಲ್ಲಿ ಬಿಟ್ಟುಹೋದ ಮನೆಗಳು ಒಂದೊಂದಾಗಿ ಮರಳಿದವು. ಎದುರು ಮನೆಯಾಕೆ ಎಲ್ಲರಿಗಿಂತ ಕೊನೆಗೆ ಬಂದಳು.

ಮೊನ್ನೆ ನಿಮಗೆ ಹೇಳದೆ ಸೊರಬದ ಬಸ್ಸು ಹತ್ತಿದ್ದೆ. ಕೇಳುತ್ತಾ ಕೇಳುತ್ತಾ ರಿಪೇರಿಯವರ ಮನೆ ಹುಡುಕಿದೆ. ಬಾಗಿಲು ತೆರೆದದ್ದು ಅವರ ಹೆಂಡತಿ, ನನ್ನಷ್ಟೇ ವಯಸ್ಸಿನವರು. ಗಂಡ ತೀರಿಹೋಗಿ ಆರು ತಿಂಗಳಾಯಿತಂತೆ. ಅದಕ್ಕೂ ಮೊದಲು ಎರಡು ವರ್ಷ ಲಕ್ವ ಹೊಡೆದು ಮಾತು ಬಿದ್ದುಹೋಗಿತ್ತಂತೆ. ನಮ್ಮ ಮನೆಯ ಫ್ರಿಜ್ ಸರಿಮಾಡಿದ್ದರು ಎಂದಷ್ಟೇ ಹೇಳಿ ಹೊರಡಲು ಎದ್ದೆ. ಅವರು ನನ್ನ ಕೈ ಹಿಡಿದು ಕೂರಿಸಿದರು.

"ಮಾತಿಲ್ದೆ ನೋಡಿ ನೋಡಿ, ಅವ್ರು ಹೆಂಗ್ ಮಾತಾಡ್ತಿದ್ರು ಅನ್ನೋದೇ ನಂಗೆ ಮರ್ತು ಹೋದಂಗೈತ್ರೀ. ನಿಮ್ಮನೇಲಿ ಏನಂದಿದ್ರು, ಹೇಳ್ರಿ."

ಹೇಳಿದೆ. ಬಸ್ ಹತ್ತಿದ ಗ್ಯಾಸಿನ ಮಾತಿಗೆ ಅವರು ಜೋರಾಗಿ ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು. ಎಲ್ಲ ಮುಗಿದ ಮೇಲೂ ನನ್ನ ಕೈ ಬಿಡಲಿಲ್ಲ.

"ಇನ್ನೇನಂದ್ರು?"

ಇನ್ನೇನೂ ಅಂದಿರಲಿಲ್ಲ. ಎರಡೇ ದಿನ ಬಂದಿದ್ದವರು. ನಾನು ಮತ್ತೆ ಮೊದಲಿನಿಂದ ಹೇಳತೊಡಗಿದೆ.