ಅತ್ತೆ ಗೂಡ್ಸ್ ಗಾಡಿಗೆ ಕೈ ಅಡ್ಡ ಹಿಡಿದದ್ದು

ಅದೊಂದು ಸಾಮಾನ್ಯ ಮಂಗಳವಾರ. ಅತ್ತೆಯನ್ನು ಸ್ಕೂಟರಿನಲ್ಲಿ ಗುಂಡ್ಲುಪೇಟೆಯಿಂದ ಬದನಗುಪ್ಪೆಯ ನೆಂಟರ ಮನೆಗೆ ಕರೆದೊಯ್ಯುತ್ತಿದ್ದೆ. ಅವರ ಮಗಳು, ನನ್ನ ಹೆಂಡತಿ, ತೀರಿಕೊಂಡು ಆರು ತಿಂಗಳಾಗಿತ್ತು. ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ.

ರೈಲ್ವೆ ಗೇಟು ಹಾಕಿತ್ತು. ದೂರದಲ್ಲಿ ಗೂಡ್ಸ್ ಗಾಡಿ ಬರುತ್ತಿತ್ತು.

“ಮೊದ್ಲು ಮೀಟರ್‌ಗೇಜು, ಪುಟ್ಟ ಗಾಡಿ. ಈಗಿನ ಗೂಡ್ಸು ನೋಡಿ, ಎಷ್ಟುದ್ದ!” ಎಂದ ಗೇಟ್‌ಮನ್.

ಅತ್ತೆ ಅದುವರೆಗೆ ರೈಲನ್ನೇ ಕಂಡವರಲ್ಲ. ಬಸ್ಸಿಗೆ ಹಿಡಿಯುವಂತೆ ಕೈ ಅಡ್ಡ ಹಿಡಿದರು.

“ಅದು ನಿಲ್ಲಾಕಿಲ್ಲ ಕಣವ್ವಾ!” ಎಂದ ಗೇಟ್‌ಮನ್.

“ಯಾಕ್ಲಾ? ಸ್ಕೂಟರ್ ಮೇಲೆ ಸೊಂಟ ಮುರ್ದೋಯ್ತು. ಇಷ್ಟುದ್ದ ಐತೆ, ನಂಗೊಂದು ಜಾಗ ಇಲ್ವಾ?”

ಎಂಜಿನ್ ಡ್ರೈವರ್ ಹಾರನ್ ಹೊಡೆದು ಕೈ ಬೀಸಿದ.

“ನೋಡಿ ಮೇಷ್ಟ್ರೇ, ಮುಂದಕ್ಕೆ ಬನ್ನಿ ಅಂತಾವ್ನೆ!” ಎಂದು ಅತ್ತೆ ನನ್ನತ್ತ ತಿರುಗಿ ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ. ನಗುತ್ತಲೇ ಇಬ್ಬರೂ ಡಬ್ಬಿಗಳನ್ನು ಎಣಿಸಿದೆವು.

ನನಗೆ ನಲವತ್ತೆರಡು ಸಿಕ್ಕಿದವು, ಅತ್ತೆಗೆ ನಲವತ್ತಮೂರು.