ಗಬ್ಬದ ಕುರಿಗೆ ಹುಳ ಬಿದ್ದಾಗ

ರಾಯಚೂರಿನ ಬಟ್ಟೆ ಅಂಗಡಿಯವರ ಮಗಳಾದ ನಾನು ಮದುವೆಯಾಗಿ ಮಾನ್ವಿ ತಾಲ್ಲೂಕಿನ ಕುರ್ಡಿಗೆ ಬಂದದ್ದು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಮನೆಯಲ್ಲಿ ಅತ್ತೆ ಮತ್ತು ನಾನು, ಹಿತ್ತಲ ದೊಡ್ಡಿಯಲ್ಲಿ ಒಂದಿಷ್ಟು ಕರಿ ಕುರಿ. ಗಂಡ ಶಕ್ತಿನಗರದಲ್ಲಿ ಕೆಲಸಕ್ಕಿದ್ದರು, ವಾರಕ್ಕೊಮ್ಮೆ ಬರುತ್ತಿದ್ದರು. ಅತ್ತೆಯ ಕಣ್ಣಿಗೆ ಪೊರೆ ಬಂದಿತ್ತು. ಬೆನ್ನು ಸವರಿಯೇ ಇದು ಯಾವ ಕುರಿ ಎಂದು ಹೇಳಿಬಿಡುತ್ತಿದ್ದರು. ಓಣಿಯ ಹೆಂಗಸರು ನನ್ನ ಎದುರಿಗೇ, “ಪ್ಯಾಟಿ ಹುಡುಗಿ, ಕುರಿ ಹಿಕ್ಕಿ ಬಳಿಯೂದು ಆಗ್ತದೇನ್ ಆಕಿಗೆ?” ಎಂದು ಕೇಳುತ್ತಿದ್ದರು.

ಒಂದು ಶ್ರಾವಣದಲ್ಲಿ ಮಳೆ ಬಿಡದೆ ಹಿಡಿದುಕೊಂಡಿತು. ಎಳೆ ಹುಲ್ಲು ತಿಂದು ಕುರಿಗಳಿಗೆ ಭೇದಿ ಹತ್ತಿತು. ಬಾಲದ ಸುತ್ತಲಿನ ಉಣ್ಣೆ ಒಣಗಲೇ ಇಲ್ಲ. ಒಂದು ಬೆಳಿಗ್ಗೆ ಗಬ್ಬದ ಕುರಿಯೊಂದು ಮೇವು ಬಿಟ್ಟು ಮೂಲೆಯಲ್ಲಿ ನಿಂತು, ಹಿಂಗಾಲು ಬಡಿಯುತ್ತ, ತಿರುತಿರುಗಿ ತನ್ನ ಹಿಂಭಾಗವನ್ನೇ ಕಚ್ಚಿಕೊಳ್ಳುತ್ತಿತ್ತು. ಅತ್ತೆ ಹತ್ತಿರ ಹೋಗಿ ಮೂಸಿದರು.

“ಹುಳ ಬಿದ್ದಾವ ನೋಡವಾ. ನೊಣ ತತ್ತಿ ಇಟ್ಟದ.”

ನಾನು ಉಣ್ಣೆ ಸರಿಸಿದೆ. ಬಾಲದ ಬುಡದಲ್ಲಿ ಬಿಳಿ ಹುಳಗಳು ಮಿಜಿಮಿಜಿ ಎನ್ನುತ್ತಿದ್ದವು. ಆ ನಾತಕ್ಕೆ ಹೊರಗೋಡಿ ವಾಂತಿ ಮಾಡಿಕೊಂಡೆ. ಅತ್ತೆ ಬೈಯಲಿಲ್ಲ.

“ಕಣ್ಣಿದ್ರ ನಾನಾ ತಗೀತಿದ್ದೆ. ಹಂಗಾ ಬಿಟ್ರ ಒಳಗ ಕೊರದು ಹೋಗ್ತಾವ. ಹೊಟ್ಯಾಗ ಮರಿ ಅದ.”

ಬಾಯಿ ತೊಳೆದುಕೊಂಡು ಸೆರಗು ಸೊಂಟಕ್ಕೆ ಸಿಕ್ಕಿಸಿದೆ. “ನೀವು ಗಟ್ಟಿ ಹಿಡಕೊಳ್ರಿ ಅತ್ತಿ, ನಾ ತಗೀತೀನಿ.”

ಅತ್ತೆ ಕುರಿಯ ಕತ್ತನ್ನು ಮಡಿಲಿಗೊತ್ತಿಕೊಂಡು ಕೂತರು. ಅವರು ಹೇಳಿಕೊಟ್ಟಂತೆ ನಾನು ಕತ್ತರಿಯಿಂದ ಹಸಿ ಉಣ್ಣೆಯನ್ನೆಲ್ಲ ಗಾಯದ ಆಚೆಯವರೆಗೂ ಕತ್ತರಿಸಿ ತೆಗೆದೆ. ಬೇವಿನ ಸೊಪ್ಪು ಕುದಿಸಿ ಆರಿಸಿದ ನೀರಿನಿಂದ ತೊಳೆದು, ಹುಳಗಳನ್ನು ಕಡ್ಡಿಯಿಂದ ಒಂದೊಂದಾಗಿ ಆರಿಸಿ ಬಿಸಿ ಬೂದಿಗೆ ಹಾಕಿದೆ. ಆಳದಲ್ಲಿದ್ದವು ಬರಲಿಲ್ಲ. ಸೀತಾಫಲದ ಎಲೆ ಅರೆದು ಗಾಯಕ್ಕೆ ತುಂಬಿದ ಮೇಲೆ ಅವೂ ಒದ್ದಾಡುತ್ತ ಹೊರಬಂದವು. ಕೆಲಸ ಮಾಡುತ್ತ ಮಾಡುತ್ತ ಅಸಹ್ಯ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಒಂದು ಹುಳವೂ ಉಳಿಯಬಾರದು ಎಂಬ ಹಟವಷ್ಟೇ ಇತ್ತು. ನೊಣ ಮತ್ತೆ ಕೂರದಂತೆ ಸುತ್ತಲೂ ಬೇವಿನ ಎಣ್ಣೆ ಸವರಿದೆ. ಅತ್ತೆ ಬಾಗಿ ಮೂಸಿ ನೋಡಿ, “ಈಗ ಬರೇ ಬೇವಿನ ವಾಸನಿ ಬರಾಕತ್ತದ,” ಎಂದರು. ನನಗೆ ಅದಕ್ಕಿಂತ ದೊಡ್ಡ ಶಹಬ್ಬಾಸ್‌ಗಿರಿ ಬೇಕಿರಲಿಲ್ಲ.

ದಿನಾ ಹಾಗೆಯೇ ತೊಳೆದೆ. ಗಾಯ ಮಾಯಿತು. ಮುಂದೆ ಕುರಿ ಗಟ್ಟಿಮುಟ್ಟಾದ ಮರಿ ಹಾಕಿತು. ನಂತರದ ವರ್ಷ ಮಳೆ ಹಿಡಿಯುವ ಮೊದಲೇ ಎಲ್ಲ ಕುರಿಗಳ ಬಾಲದ ಉಣ್ಣೆ ಕತ್ತರಿಸಲು ಕೂತೆ. ಅದೇ ಓಣಿಯ ಹೆಂಗಸರು, “ನಮ್ಮವನ್ನೂ ಒಂದೀಟು ನೋಡವಾ,” ಎಂದು ತಮ್ಮ ಕುರಿಗಳನ್ನು ಎಳೆದುಕೊಂಡು ಬಂದರು.

ಅಂಥ ಒಂದು ಮಧ್ಯಾಹ್ನ ಅಪ್ಪ ರಾಯಚೂರಿನಿಂದ ಬಂದರು. ಟಗರನ್ನು ಮೊಣಕಾಲ ಸಂದಿಯಲ್ಲಿ ಒತ್ತಿ ಹಿಡಿದು, ಮೈಯೆಲ್ಲ ಉಣ್ಣೆ ಅಂಟಿಸಿಕೊಂಡಿದ್ದ ಮಗಳನ್ನು ಕಂಡು ಬಾಗಿಲಲ್ಲೇ ನಿಂತರು.

“ಇದೇನ್ ಯವ್ವಾ, ನಿನಗ ಇದೆಲ್ಲಾ ಮಾಡಾಕ ಹಚ್ಯಾರೇನು?”

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕಟ್ಟೆಯಿಂದ, “ಯಾರೂ ಹಚ್ಚಿಲ್ರಿ ಬೀಗರ. ಈ ಓಣ್ಯಾಗ ಇಷ್ಟು ಚಲೋ ಕೈ ಇನ್ನೊಂದಿಲ್ಲ. ಕುಂದರ್ರಿ, ಆಕಿ ಮುಗಿಸಿ ಬರ್ತಾಳ,” ಎಂದರು.

ಅಪ್ಪ ಕೂತರು. ನಾನು ಎದ್ದು ನೀರು ಕೊಡಲಿಲ್ಲ. ಟಗರನ್ನು ಪೂರ್ತಿ ಮುಗಿಸಿಯೇ ಎದ್ದೆ.